ನಾಲ್ಕು ಟೈರಿಗೆ ನಾಲ್ಕು ನಿಂಬೆಹಣ್ಣು

"ಶ್ರಾವಣಿ, ನಿಂಬೆಹಣ್ಣು ಇದ್ಯಾ? ನಾಲ್ಕು ಬೇಕಿತ್ತು."

ಗ್ಯಾರೇಜಿನಿಂದ ಗಂಡನ ದನಿ ಕೇಳಿ ಶ್ರಾವಣಿ ಒಲೆ ಆರಿಸಿ ಬಂದಳು. ಕಾರಿಗೆ ಹೊಸ ಟೈರುಗಳು ಬಂದಿದ್ದವು. ಬೇಸಿಗೆಯ ಟೈರು ಚಳಿಗೆ ಕಲ್ಲಾಗುತ್ತದೆ, ಎಲ್ಲ ಕಾಲಕ್ಕೂ ಆಗುವ ಆಲ್ ಸೀಸನ್ ಹಾಕಿಸು ಎಂದು ಅವಳು ಎರಡು ವರ್ಷದಿಂದ ಬಡಕೊಳ್ಳುತ್ತಿದ್ದಳು. "ಈ ಪ್ಲೇನೋ ಊರಲ್ಲಿ ಎಲ್ಲಿದೆ ಚಳಿ? ಸ್ಪೋರ್ಟ್ಸ್ ಕಾರಿನ ಗತ್ತೇ ಹೋಗುತ್ತೆ" ಎಂದು ದುಷ್ಯಂತ್ ಕಿವಿಗೇ ಹಾಕಿಕೊಂಡಿರಲಿಲ್ಲ.

"ಇದು ಹೈ ಪರ್ಫಾರ್ಮೆನ್ಸ್ ಆಲ್ ಸೀಸನ್. ಓಟದಲ್ಲಿ ಏನೂ ಕಮ್ಮಿಯಿಲ್ವಂತೆ" ಎಂದ, ಅವಳ ಮುಖ ನೋಡದೆ.

ಟೈರು ಬದಲಾಯಿಸಿದ್ದು ಸರಿ. ಆದರೆ ನಿಂಬೆಹಣ್ಣು? ಈ ಕಾರು ಕೊಂಡ ದಿನ ಅವಳು ಚಕ್ರಗಳ ಕೆಳಗಿಟ್ಟ ನಿಂಬೆಹಣ್ಣುಗಳನ್ನು ಎತ್ತಿಕೊಂಡು, ನಗುತ್ತಾ ಶರಬತ್ತು ಮಾಡಿ ಕುಡಿದವನು ಅವನೇ. ಫ್ರಿಜ್ಜಿನಿಂದ ನಾಲ್ಕು ಹಣ್ಣು ತೆಗೆಯುವಾಗ ಅವಳಿಗೆ ಹಿಂದಿನ ಶುಕ್ರವಾರ ನೆನಪಾಯಿತು. ಅಂದು ರಸ್ತೆಯೆಲ್ಲ ಐಸ್ ಆಗಿತ್ತು. ಡೇ ಕೇರ್‌ನಿಂದ ಮಗಳು ಅನಘಾಳನ್ನು ಕರೆತರಲು ಹೋದವನು ಒಂದು ಗಂಟೆ ತಡವಾಗಿ ಬಂದು, ಟ್ರಾಫಿಕ್ ಎಂದಷ್ಟೇ ಹೇಳಿದ್ದ.

ಹಣ್ಣುಗಳನ್ನು ಅವನ ಕೈಗಿಟ್ಟು ಕೇಳಿದಳು, "ಶುಕ್ರವಾರ ಕಾರು ಜಾರಿತಾ?"

ದುಷ್ಯಂತ್ ಹೌದೆಂದು ತಲೆಯಾಡಿಸಿದ.

"ಅನಘಾ ಕಾರಲ್ಲಿದ್ಲಾ?"

ಅವನು ಮುಂದಿನ ಚಕ್ರಗಳನ್ನು ದಾಟಿ ಹಿಂದಕ್ಕೆ ಹೋಗಿ, ಮಗಳ ಪುಟ್ಟ ಸೀಟಿರುವ ಕಡೆ ಮಂಡಿಯೂರಿ, ಮೊದಲ ಹಣ್ಣನ್ನು ಅಲ್ಲಿನ ಚಕ್ರದ ಕೆಳಗೆ ಇಟ್ಟ.