ಗೋದಾಮಿಗೆ ಹೋದ ಬೈಕು

"ನಿಮ್ಮ ಪಾಸ್‌ಪೋರ್ಟಿನಲ್ಲಿ ಬೈಕಿನ ನಂಬರು ಬರೆದಿದೆ. ಅದನ್ನು ಇಲ್ಲೇ ಬಿಟ್ಟು ನೀವು ದೇಶ ದಾಟುವಂತಿಲ್ಲ," ಎಂದ ಕಸ್ಟಮ್ಸ್ ಅಧಿಕಾರಿ, ಹರಕು ಇಂಗ್ಲಿಷಿನಲ್ಲಿ.

"ಊರಲ್ಲಿ ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾರೆ ಸರ್. ನಾಳೆ ವಿಮಾನ ಹತ್ತಲೇಬೇಕು. ಯಾರಿಗಾದರೂ ಮಾರಿಬಿಡಲೇ?" ಎಂದ ಬೈಕಿನಲ್ಲಿ ಬಂದಿದ್ದ ಹುಡುಗ.

"ಇಲ್ಲಿ ಮಾರುವುದು ಅಪರಾಧ. ಸರ್ಕಾರಕ್ಕೆ ಬರೆದುಕೊಡಿ. ಆದರೆ ಮತ್ತೆ ವಾಪಸ್ ಸಿಗುವುದಿಲ್ಲ."

ಗುಜರಿಯಿಂದ ಒಂದೊಂದೇ ಭಾಗ ಹುಡುಕಿ ತಂದು, ತಮ್ಮ ಗ್ಯಾರೇಜಿನಲ್ಲಿ ಅಪ್ಪನೇ ಜೋಡಿಸಿದ ಬೈಕು ಅದು. ಆರು ದೇಶ ದಾಟಿ ಬಂದಿತ್ತು. ದಾರಿಯಲ್ಲಿ ಎಲ್ಲಿ ಕೈಕೊಟ್ಟರೂ ಅವನು ಫೋನನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಿದ್ದ. ಅಪ್ಪ ಊರಿನಲ್ಲಿ ಕೂತು ಸದ್ದು ಕೇಳಿ, ಏನು ಕೆಟ್ಟಿದೆ ಎಂದು ಹೇಳುತ್ತಿದ್ದರು.

ಅವನು ಸಹಿ ಹಾಕಿದ.

"ಗೋದಾಮಿನ ನಿಯಮ ಒಂದಿದೆ. ಪೆಟ್ರೋಲನ್ನು ಪೂರ್ತಿ ಬಸಿಯಬೇಕು, ಬ್ಯಾಟರಿ ಬಿಚ್ಚಿಕೊಡಬೇಕು."

ಅವನೇ ಬಸಿದ, ಅವನೇ ಬಿಚ್ಚಿದ. ಬೈಕನ್ನು ಒಳಗೆ ತಳ್ಳಿ, ಶಟರ್ ಎಳೆದು, ಬೀಗಕ್ಕೆ ಮೊಹರು ಹಾಕಿದರು. ಅವನು ಕೈಗೆ ಹತ್ತಿದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು ಅಕ್ಕನಿಗೆ ಫೋನ್ ಮಾಡಿದ.

"ಇಲ್ಲಿ ಕೆಲಸ ಮುಗೀತು ಅಕ್ಕ. ನಾಳೆ ಸಂಜೆಗೆ ಅಲ್ಲಿರ್ತೀನಿ. ಅಪ್ಪಂಗೆ ಹೇಳು."

ಅಕ್ಕ ದನಿ ತಗ್ಗಿಸಿದಳು.

"ನಾಳೆ ತನಕ ಕಷ್ಟ ಅಂದ್ಬಿಟ್ರು ಕಣೋ ಡಾಕ್ಟ್ರು. ಈಗ ಎಚ್ಚರ ಬಂದಿದೆ. ಗಾಡಿ ಸದ್ದು ಒಂದ್ಸಲ ಕೇಳ್ಸು ಅಂತಿದ್ದಾರೆ, ಅಷ್ಟೇ. ಇರು, ಫೋನ್ ಅವರ ಕಿವಿಗೆ ಹಿಡೀತೀನಿ... ಹೂಂ, ಸ್ಟಾರ್ಟ್ ಮಾಡು."