ಕರಿಬೇವಿನ ಮರಿ

ಪಕ್ಕದ ಕಮಲಾಕ್ಷಮ್ಮನವರು ಮನೆ ಮಾರಿದ್ದರು. ಕೊಂಡವರು ನಾಳೆಯೇ ಹಿತ್ತಲಿನ ಕರಿಬೇವಿನ ಮರ ಕಡಿಸುವವರಿದ್ದರು. ಇಷ್ಟು ವರ್ಷ ನಮ್ಮ ಮನೆಯ ಒಗ್ಗರಣೆಗೂ ಅದರದೇ ಎಲೆ. ಬುಡದಲ್ಲಿ ಒಂದೇ ಒಂದು ಮರಿ ಉಳಿದಿತ್ತು.

“ಅದನ್ನ ನನಗೆ ಕೊಡ್ತೀರಾ?” ಎಂದು ಅಳುಕುತ್ತಲೇ ಕೇಳಿದೆ.

“ಕೊಡಲ್ಲ.”

“ಹಿಂದೆ ನೀವು ಕೊಟ್ಟಿದ್ದೆಲ್ಲ ಒಣಗಿಹೋಯ್ತು, ನಿಜ. ಈ ಸಲ ಅಕ್ಕಿ ತೊಳೆದ ನೀರು, ಹುಳಿ ಮಜ್ಜಿಗೆ ಎಲ್ಲ ಹಾಕ್ತೀನಿ.”

“ಪಾಯಸ ಹಾಕಿದ್ರೂ ಅಷ್ಟೇ. ಕೊಡಲ್ಲ ಅಂದ್ರೆ ಕೊಡಲ್ಲ ಕಣ್ರೀ.”

ನನ್ನ ಮುಖ ಚಿಕ್ಕದಾಯಿತು. ಗೇಟಿನತ್ತ ತಿರುಗಿದೆ.

“ಕೊಟ್ಟ ಗಿಡ ಎಲ್ಲಾದ್ರೂ ಬದುಕುತ್ತಾ? ಕದ್ದಿದ್ದೇ ಚಿಗುರೋದು,” ಎಂದು ಅವರು ಹಿಂದಿನಿಂದ ಗದರಿದರು. “ನಾನು ಸ್ನಾನಕ್ಕೆ ಹೋಗ್ತಾ ಇದೀನಿ. ಬುಡ ಆಗಲೇ ಅಗೆದು ಸಡಿಲ ಮಾಡಿದೀನಿ.”