ಬೇಯದ ಅಕ್ಕಿ

ನೀರು ಕುದಿದು ಕುದಿದು ಅರ್ಧಕ್ಕಿಳಿದಿತ್ತು. ಅಕ್ಕಿ ಮಾತ್ರ ಕಲ್ಲಿನಂತೆ ಕೂತಿತ್ತು. ಗಂಡ ಸೌಟಿನಲ್ಲಿ ಒಂದು ಅಗುಳು ತೆಗೆದು ಹಿಸುಕಿ ನೋಡಿ, ಮತ್ತೆ ಮುಚ್ಚಳ ಮುಚ್ಚಿದ. ಪಕ್ಕದ ಬಂಡೆಯ ಮೇಲೆ ಕೂತ ಹೆಂಡತಿ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಅವನನ್ನೇ ನೋಡುತ್ತಿದ್ದಳು.

"ಈ ಒಲೆ ಸರಿಯಿಲ್ಲ," ಎಂದ. "ಹೋದ ವರ್ಷ ಚೆನ್ನಾಗೇ ಉರೀತಿತ್ತು."

ಪ್ರತಿ ಬೇಸಿಗೆಯಲ್ಲಿ ಒಂದು ವಾರ ಅವನು ಬೆನ್ನಿಗೆ ಚೀಲ ಏರಿಸಿ ಒಬ್ಬನೇ ಬೆಟ್ಟಕ್ಕೆ ಹೊರಡುತ್ತಿದ್ದ. ಯಾವ ಬೆಟ್ಟ ಎಂದು ಕೇಳಿದರೆ, ಹೇಳಿದರೆ ನಿನಗೇನು ತಿಳಿಯುತ್ತೆ ಎಂಬಂತೆ ಒಂದು ನಗು. ಈ ಸಲ ಅವಳು ನಾನೂ ಬರುತ್ತೇನೆಂದು ಪಟ್ಟು ಹಿಡಿದಿದ್ದಳು. ಜೀಪು ಅರ್ಧ ದಾರಿ ಏರಿದ ಮೇಲೆ ಅವನು ತಾನು ವರ್ಷವರ್ಷವೂ ಉಳಿಯುವ ಶಿಬಿರದ ಹೆಸರು ಹೇಳಿದಾಗ ಅವಳ ಎದೆ ಧಸಕ್ಕೆಂದಿತು. ಪ್ರಪಾತ ಕಂಡು ಹೆದರಿದಳೆಂದುಕೊಂಡು ಅವನು ಅವಳ ಕೈ ಹಿಡಿದುಕೊಂಡ.

ಶಿಬಿರದಲ್ಲಿ ಇದ್ದದ್ದೇ ಒಂದು ನಲ್ಲಿ, ತಗಡಿನದೊಂದು ಕಕ್ಕಸು, ಕಾವಲುಗಾರನ ಗುಡಿಸಲು. ಗುಡಿಸಲಿಗೆ ಬೀಗ ಬಿದ್ದಿದ್ದು ಕಂಡು ಅವಳು ಉಸಿರು ಬಿಟ್ಟಳು. ಆಮೇಲೆ ಬಾಯಿಗೂ ಬೀಗ ಹಾಕಿಕೊಂಡು ಗಂಡನನ್ನು ಗಮನಿಸಿದಳು. ಕಕ್ಕಸು ಹುಡುಕಿಕೊಂಡು ಅವನು ತಪ್ಪು ದಿಕ್ಕಿಗೆ ನಡೆದ. ಡೇರೆಯ ಬಾಗಿಲನ್ನು ಗಾಳಿಗೇ ಎದುರಾಗಿ ಕಟ್ಟಿದ. ಈಗ ಈ ಅಕ್ಕಿ.

"ಇಷ್ಟು ಎತ್ತರದಲ್ಲಿ ಕುಕ್ಕರ್ ಇಲ್ದೆ ಅನ್ನ ಆಗಲ್ಲ ರೀ," ಎಂದಳು ಕೊನೆಗೆ. "ಇಲ್ಲಿ ಒಂದು ದಿನ ಉಳಿದವರಿಗೂ ಅದು ಗೊತ್ತಿರುತ್ತೆ."

ಸೌಟು ಹಿಡಿದ ಕೈ ನಿಂತಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ಯಾರವಳು?"

ಅವನು ಒಂದು ಸುಳ್ಳಿಗಾಗಿ ತಡಕಾಡಿದ, ಸಿಗಲಿಲ್ಲ. "ಆಫೀಸಿನವಳು," ಎಂದ, ನೆಲ ನೋಡುತ್ತ. "ತಪ್ಪಾಯ್ತು ಕಣೇ. ಇನ್ಮೇಲೆ ಇಲ್ಲ."

ಮೋಸ ಹೋದವರಿಗೆ ಇಷ್ಟು ಉರಿಯುತ್ತದೆಂದು ಅವಳು ಎಣಿಸಿರಲೇ ಇಲ್ಲ. "ನಂಬಿಸಿ ಕುತ್ತಿಗೆ ಕೊಯ್ದ್ರಲ್ಲ ರೀ! ನಿಮಗೆ ನಾನೇನು ಕಮ್ಮಿ ಮಾಡಿದ್ದೆ?" ಎಂದು ಗೊಳೋ ಎಂದು ಅತ್ತಳು. ಅವನು ಕಾಲು ಹಿಡಿಯಲು ಬಂದರೆ ಕೊಡವಿಕೊಂಡು ಎದ್ದಳು.

ಅತ್ತು ಸಾಕಾದ ಮೇಲೆ ನಲ್ಲಿಯ ಬಳಿ ಹೋಗಿ, ಶಾಲು ಬಿಚ್ಚಿ ಮುಖ ತೊಳೆದಳು. ಗಂಡ ಬಾಲ ಮುದುರಿಕೊಂಡು ಟವೆಲ್ ಹಿಡಿದು ಹಿಂದೆ ನಿಂತಿದ್ದ. ಅಷ್ಟರಲ್ಲಿ ಸೀಮೆಎಣ್ಣೆ ಡಬ್ಬ ಹೊತ್ತು ಕೆಳಗಿನಿಂದ ಏರಿ ಬಂದ ಕಾವಲುಗಾರ, ಅವಳನ್ನು ಕಂಡು ಮುಖ ಅರಳಿಸಿದ.

"ಏನಕ್ಕಾ, ಈ ಬೇಸಿಗೆಗೂ ಬಂದ್ರಾ! ಎಲ್ಲಿ, ನಿಮ್ಮ ಯಜಮಾನ್ರು ಬರ್ಲಿಲ್ವಾ? ಇವ್ರು ಯಾರು, ನಿಮ್ಮಣ್ಣನಾ?"